ಕಲಿಪಾ ಎಜೆಯ ಸಾಬೂನು ನೀರು

ಅತ್‌ಬಾಶಿಯ ನಮ್ಮ ಗ್ಯಾರೇಜಿಗೆ ಕಲಿಪಾ ಎಜೆ ಬಂದದ್ದು ಬೋಲ್ಟು ತೊಳೆಯುವ ಕೆಲಸಕ್ಕೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಊರಿನ ಡೇರಿಯಲ್ಲಿ ಹಾಲಿನ ಕೊಬ್ಬು ಪರೀಕ್ಷಿಸುತ್ತಿದ್ದಳು. ಡೇರಿಗೆ ಬೀಗ ಬಿದ್ದ ಮೇಲೆ ಸೀಮೆಎಣ್ಣೆ ತುಂಬಿದ ಬಾನಿಯ ಮುಂದೆ ಬಂದು ಕೂತಳು. ನಾನು ಆಗಲೇ ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ್ದರಿಂದ ನನಗವಳು ಎಜೆ, ಅಕ್ಕ. ಬರಬರುತ್ತ ತೊರುಗಾರ್ತ್ ಘಾಟಿಯ ಡ್ರೈವರುಗಳೂ ಹಾಗೇ ಕರೆಯತೊಡಗಿದರು.

ತೊಳೆಯುತ್ತ ತೊಳೆಯುತ್ತಲೇ ಯಾವ ಬೋಲ್ಟು ಎಲ್ಲಿಯದು ಎಂದು ಅವಳು ಕಲಿತಳು. ಬಿಚ್ಚಿದ್ದನ್ನೆಲ್ಲ ಬಟ್ಟೆಯ ಮೇಲೆ ಸಾಲಾಗಿಟ್ಟು ಒಂದೊಂದಕ್ಕೂ ಚೀಟಿ ಅಂಟಿಸುವ ಡೇರಿಯ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ಆರನೆಯ ವರ್ಷಕ್ಕೆ ಎಂಜಿನ್ ಜೋಡಿಸುವ ಮೇಜು ಅವಳದಾಯಿತು. ಹೆಡ್ ಮೆಕ್ಯಾನಿಕ್ ಎಸೆಂಗುಲ್ ಯಾರನ್ನೂ ಹೊಗಳುವ ಆಸಾಮಿಯಲ್ಲ. ಆದರೂ ಕಷ್ಟದ ಎಂಜಿನ್ ಬಂದರೆ ಸುಮ್ಮನೆ ಅವಳ ಮೇಜಿನತ್ತ ತಳ್ಳುತ್ತಿದ್ದ.

ಒಂದು ಚಳಿಗಾಲದಲ್ಲಿ ಮೆಲಿಸ್ ಎಂಬ ಡ್ರೈವರನ ಲಾರಿ, ನಮ್ಮಲ್ಲಿ ರಿಪೇರಿಯಾಗಿ ಹೋದ ಮೂರೇ ವಾರಕ್ಕೆ, ಇನ್ನೊಂದು ಲಾರಿಯ ಬಾಲಕ್ಕೆ ಕಟ್ಟಿಸಿಕೊಂಡು ವಾಪಸು ಬಂತು. ಆಯಿಲ್ ನೋಡುವ ಕಡ್ಡಿ ಎಳೆದರೆ ಹಾಲು ಬೆರೆಸಿದ ಚಹಾದ ಬಣ್ಣ. ಆಯಿಲಿಗೆ ನೀರು ಸೇರಿತ್ತು.

"ಎಜೆ, ಎಂಜಿನ್ ಚಹಾ ಕಾಯಿಸ್ತಾ ಇದೆ, ಬಟ್ಟಲು ತನ್ನಿ," ಎಂದ ಮೆಲಿಸ್. ಮಾತು ತಮಾಷೆಯದು, ಮುಖದಲ್ಲಿ ನಗೆಯಿರಲಿಲ್ಲ. ಎರಡು ದಿನ ಘಾಟಿಯ ಹಿಮದಲ್ಲಿ ಕಾದು ಕೂತಿದ್ದ.

ಆ ತಿಂಗಳು ಹೀಗೆ ಬಂದದ್ದು ಅದು ಎರಡನೆಯ ಎಂಜಿನ್. ಮೊದಲನೆಯದನ್ನು ಜೋಡಿಸಿದ್ದವನು ಎಸೆಂಗುಲ್. ಆಗ ಯಾರೂ ತುಟಿ ಬಿಚ್ಚಿರಲಿಲ್ಲ. ಇದು ಕಲಿಪಾ ಎಜೆ ಜೋಡಿಸಿದ್ದು. ಟೈರ್ ಕೆಲಸದ ಸಾಪರ್ ಎಲ್ಲರಿಗೂ ಕೇಳುವಂತೆ, "ಹಾಲು ಅಳೆಯೋರ ಕೈಗೆ ಎಂಜಿನ್ ಕೊಟ್ರೆ ಹಾಲೇ ಬರುತ್ತೆ," ಎಂದ. ನನಗೆ ಮೈ ಉರಿಯಿತು. ಅವಳು ತಿರುಗಿಯೂ ನೋಡಲಿಲ್ಲ.

"ಕೈ ನಂದೇ. ಬಿಚ್ಚಿ ನೋಡೋಣ," ಎಂದಳು.

ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆಯೇ ಲೈನರ್. ಅದರ ಸುತ್ತ ತಂಪು ಮಾಡುವ ನೀರು, ಕೆಳಗೆ ಆಯಿಲ್. ಎರಡೂ ಬೆರೆಯದಂತೆ ತಡೆಯುವುದು ರಬ್ಬರ್ ಉಂಗುರಗಳು: ನೀರಿನ ಕಡೆಗೆ ಎರಡು ಕಪ್ಪು, ಆಯಿಲಿನ ಕಡೆಗೆ ಒಂದು ಕಂದು. ಒಣ ರಬ್ಬರ್ ಜಾರುವುದಿಲ್ಲ, ಹರಿದುಹೋಗುತ್ತದೆ. ಏನಾದರೂ ಸವರಿಯೇ ಕೂರಿಸಬೇಕು. ನಾವು ಎಲ್ಲಕ್ಕೂ ಗ್ರೀಸ್ ಸವರುತ್ತಿದ್ದೆವು. ಸಂಜೆ ಸವರಿಟ್ಟು ಬೆಳಿಗ್ಗೆ ಒತ್ತಿ ಕೂರಿಸುವುದು ವಾಡಿಕೆ.

ಲೈನರ್ ಹೊರಗೆಳೆದಾಗ ಕಪ್ಪು ಉಂಗುರಗಳು ಬೆಂದ ಶಾವಿಗೆಯಂತೆ ಮೆತ್ತಗಾಗಿ ಊದಿದ್ದವು. ಊದಿದ ರಬ್ಬರ್ ತಾನು ಕೂರಬೇಕಾದ ತೋಡಿನಲ್ಲಿ ಹಿಡಿಸದೆ, ಒತ್ತುವಾಗ ಅಂಚಿಗೆ ಸಿಕ್ಕಿ ಒಂದು ಕಡೆ ಸಿಗಿದುಹೋಗಿತ್ತು. ನೀರು ಇಳಿದದ್ದು ಅಲ್ಲಿಂದಲೇ.

"ಬಾಯ್ಕೆ, ಇದು ನೋಡಿ," ಎಂದು ಎಸೆಂಗುಲ್‌ನನ್ನು ಕರೆದಳು. ಬಾಯ್ಕೆ ಎಂದರೆ ಅಣ್ಣ; ನಾವೆಲ್ಲ ಅವನನ್ನು ಕರೆಯುವುದು ಹಾಗೆಯೇ.

"ಕೆಟ್ಟ ರಬ್ಬರ್. ಬೇರೆ ತರಿಸ್ತೀನಿ."

"ಕೆಟ್ಟದ್ದಲ್ಲ, ಬೇರೆ ಜಾತಿದು. ಹಳೇ ಎಂಜಿನ್‌ಗಳ ರಬ್ಬರ್‌ಗೆ ಗ್ರೀಸ್ ಒಗ್ತಿತ್ತು. ಇದಕ್ಕೆ ಒಗ್ಗಲ್ಲ ಅನ್ಸುತ್ತೆ."

"ನಲವತ್ತು ವರ್ಷ ಗ್ರೀಸೇ ಹಚ್ಚಿದೀನಿ ಕಲಿಪಾ. ಇನ್ನೇನು, ಕುರಿ ಕೊಬ್ಬು ಹಚ್ಲಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಅದನ್ನೂ ನೋಡೇಬಿಡೋಣ," ಎಂದಳು.

ಮರುದಿನ ಮನೆಯಿಂದ ನಾಲ್ಕು ಸೀಸೆ ತಂದಳು. ಗ್ರೀಸ್, ಎಂಜಿನ್ ಆಯಿಲ್, ಕುರಿ ಕೊಬ್ಬು, ಬಟ್ಟೆ ಒಗೆಯುವ ಸಾಬೂನು ತುರಿದು ಕರಗಿಸಿದ ನೀರು. ಒಂದೊಂದರಲ್ಲೂ ಒಂದು ಹೊಸ ಕಪ್ಪು ಉಂಗುರ, ಒಂದು ಕಂದು. ಚೀಟಿ ಅಂಟಿಸಿ, ಎಂಜಿನ್ ಬಿಸಿಯಲ್ಲೇ ಇರುವುದಲ್ಲವೇ ಎಂದು ಒಲೆಯ ಹಿಂದಿನ ಹಲಗೆಯ ಮೇಲಿಟ್ಟಳು.

"ಒಂದು ವಾರ ಕೊಡು," ಎಂದಳು ಮೆಲಿಸ್‌ಗೆ.

"ಒಂದು ವಾರ ನಾನೇನ್ ಮಾಡ್ಲಿ ಎಜೆ?"

"ಮನೆಗೆ ಹೋಗು. ಹೆಂಡ್ತಿ ಗುರುತು ಹಿಡೀತಾಳಾ ನೋಡು."

ಎಂಟನೆಯ ದಿನ ಎಲ್ಲರನ್ನೂ ಕರೆದಳು. ಗ್ರೀಸಿನ, ಆಯಿಲಿನ ಕಪ್ಪು ಉಂಗುರಗಳು ಲೈನರಿನ ತೋಡಿನಿಂದ ಹೊರಗೆ ಉಬ್ಬಿ ನಿಂತವು. ಕುರಿ ಕೊಬ್ಬಿನದೂ ದಪ್ಪಗಾಗಿತ್ತು. ಸಾಬೂನು ನೀರಿನದು ಮಾತ್ರ ಅಚ್ಚುಕಟ್ಟಾಗಿ ಕೂತಿತು. ಕಂದು ಉಂಗುರವೋ, ಆಯಿಲಿನಲ್ಲಿ ಇದ್ದರೂ ಇದ್ದಂತೆಯೇ ಇತ್ತು.

"ಹಾಗಾದ್ರೆ ಎಲ್ಲಕ್ಕೂ ಸಾಬೂನೇ ಹಚ್ಚಿ, ಮುಗೀತು," ಎಂದೆ ನಾನು.

"ಇಲ್ಲ ಕಣೋ. ಕಂದು ಉಂಗುರ ಆಯಿಲಲ್ಲೇ ಬಾಳ್ಬೇಕು, ಅದಕ್ಕೆ ಆಯಿಲ್. ಕಪ್ಪು ನೀರಲ್ಲಿರೋದು, ಅದಕ್ಕೆ ಸಾಬೂನು ನೀರು. ಅದೂ ಸಂಜೆ ಹಚ್ಚಿಡೋದಲ್ಲ, ಕೂರಿಸೋ ಹೊತ್ತಿಗೆ."

ಎಸೆಂಗುಲ್ ಉಂಗುರವನ್ನು ಹಿಂಡಿ, ಎಳೆದು, ತನ್ನ ಕನ್ನಡಕ ತೆಗೆದು ಮತ್ತೆ ಹಾಕಿ ನೋಡಿದ. "ಎಂಜಿನ್‌ಗೆ ಸ್ನಾನ ಮಾಡಿಸ್ತೀಯಾ?"

"ಮಾಡಿಸ್ತೀನಿ ಬಾಯ್ಕೆ. ಮತ್ತೆ ನೀರು ಇಳಿದ್ರೆ ಹೇಳಿ, ನಾನೇ ಹೋಗಿ ಬಾನಿ ಮುಂದೆ ಕೂರ್ತೀನಿ."

ಅವತ್ತು ಅವಳು ಆರು ಲೈನರ್ ಕೂರಿಸಿದ್ದನ್ನು ನಾನು ವೆಲ್ಡಿಂಗ್ ನಿಲ್ಲಿಸಿ ನೋಡಿದೆ. ಕಪ್ಪು ಉಂಗುರಗಳನ್ನು ಸಾಬೂನು ನೀರಿನಲ್ಲಿ ಅದ್ದಿ, ಕಂದು ಉಂಗುರಕ್ಕೆ ಬೆರಳ ತುದಿಯಲ್ಲಿ ಆಯಿಲ್ ಸವರಿ, ತಿರುಚಿಕೊಂಡಿಲ್ಲವೆಂದು ಸುತ್ತಲೂ ಮುಟ್ಟಿ ನೋಡಿ, ಎರಡೂ ಅಂಗೈ ಊರಿ ಒತ್ತಿದಳು. ಸುತ್ತಿಗೆ ಮುಟ್ಟಲಿಲ್ಲ. ಆಮೇಲೆ ಒತ್ತಡದಲ್ಲಿ ನೀರು ತುಂಬಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಮಧ್ಯಾಹ್ನದವರೆಗೆ ಕಾದಳು. ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಎಸೆಂಗುಲ್ ತಾನು ಜೋಡಿಸುತ್ತಿದ್ದ ಎಂಜಿನ್‌ನಿಂದ ಗ್ರೀಸ್ ಹಚ್ಚಿದ ಉಂಗುರಗಳನ್ನು ಒಂದೊಂದಾಗಿ ಕಿತ್ತು ಹೊರಗೆಸೆದ.

ಮೆಲಿಸ್ ಆ ಚಳಿಗಾಲವಿಡೀ ಘಾಟಿ ಹತ್ತಿ ಇಳಿದ. ಹಿಮ ಕರಗುವ ಹೊತ್ತಿಗೆ ಒಂದು ಕುರಿಯ ಸಮೇತ ಗ್ಯಾರೇಜಿಗೆ ಬಂದ. "ಆಯಿಲ್ ಆಯಿಲ್ ಥರಾನೇ ಇದೆ ಎಜೆ!" ಎಂದು ಕಡ್ಡಿ ಎಳೆದು ಎಲ್ಲರ ಮೂಗಿಗೂ ಹಿಡಿದ.

ಊಟಕ್ಕೆ ಕೂತಾಗ ಹಿರಿಯನೆಂದು ಮಾಂಸ ಹಂಚಿದವನು ಎಸೆಂಗುಲ್. ತೊಡೆಯ ಮೂಳೆ ನಮ್ಮಲ್ಲಿ ಮರ್ಯಾದೆಯ ಗಂಡಸಿಗೆ ಹೋಗುವ ಪಾಲು. ಸಾಪರ್ ತನ್ನ ತಟ್ಟೆ ಮುಂದೆ ಸರಿಸಿದ. ಎಸೆಂಗುಲ್ ಅವನನ್ನು ದಾಟಿ ಕೈ ಚಾಚಿ ಅದನ್ನು ಕಲಿಪಾ ಎಜೆಯ ತಟ್ಟೆಗಿಟ್ಟ.

"ಅದು ಗಂಡಸರ ಪಾಲಲ್ವಾ ಬಾಯ್ಕೆ?" ಎಂದ ಸಾಪರ್.

"ನನ್ನ ನಲವತ್ತು ವರ್ಷದ ತಪ್ಪನ್ನ ಒಂದು ವಾರದಲ್ಲಿ ತೋರಿಸ್ಕೊಟ್ಟೋರ ಪಾಲು. ನಿಂಗೆ ಬೇಕಾದ್ರೆ ನೀನೂ ಏನಾದ್ರೂ ತೋರ್ಸು."

"ತಪ್ಪಲ್ಲ ಬಾಯ್ಕೆ, ರಬ್ಬರ್ ಬದಲಾಯ್ತು ಅಷ್ಟೇ," ಎಂದಳು ಅವಳು. ಮಾತು ಸಣ್ಣದಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಚಾಕು ತೆಗೆದು ಮಾಂಸ ಕೊಯ್ದಳು, ಒಂದು ತುಂಡನ್ನು ನನಗೂ ಕೊಟ್ಟಳು. ನಾನು ಸಾಪರನ ಕಡೆ ನೋಡಿಕೊಂಡೇ ತಿಂದೆ. ಅಷ್ಟು ರುಚಿಯ ಮಾಂಸ ನಾನು ಮೊದಲು ತಿಂದಿರಲಿಲ್ಲ.

ಎರಡು ವರ್ಷದ ನಂತರ ಎಸೆಂಗುಲ್ ಕೆಲಸ ಬಿಟ್ಟಾಗ ಗ್ಯಾರೇಜಿನ ಬೀಗದ ಕೈಗಳನ್ನು ಅವಳಿಗೇ ಒಪ್ಪಿಸಿದ. ಈಗ ನಾರಿನ್ ಪೇಟೆಯಿಂದಲೂ ನಮ್ಮಲ್ಲಿಗೆ ಎಂಜಿನ್ ಬರುತ್ತವೆ. ತಂದವರು ಗೇಟಿನಲ್ಲೇ, "ಕಲಿಪಾ ಎಜೆ ಇದಾರಾ?" ಎಂದು ಕೇಳುತ್ತಾರೆ. ಅವಳಿಲ್ಲದಿದ್ದರೆ ಅವಳು ಬರುವವರೆಗೂ ಲಾರಿಯಲ್ಲೇ ಕೂತಿರುತ್ತಾರೆ.