ದೇವರ ಮೂಲೆಯ ಲಿಫ್ಟ್

ಮೊನ್ನೆ ಊದ್ ಮೇಥಾ ಬಡಾವಣೆಯ ನಮ್ಮ ಈಗಿನ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ಬಖೂರಿನ ಪರಿಮಳ ಮುಖಕ್ಕೆ ಬಡಿಯಿತು. ಬಖೂರ್ ಎಂದರೆ ಅರಬರು ಕೆಂಡದ ಮೇಲಿಟ್ಟು ಹೊಗೆ ಹಾಕುವ ಸುಗಂಧದ ಚಕ್ಕೆ. ನಮ್ಮ ಲೋಬಾನದ ಶ್ರೀಮಂತ ದಾಯಾದಿ ಅನ್ನಿ. ನಾನು ಸೀದಾ ಅಬುಧಾಬಿಯ ನಮ್ಮ ಹಳೆಯ ಮನೆಗೆ ಹೋಗಿಬಿಟ್ಟೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ವಿಲ್ಲಾದಲ್ಲಿ ಮೇಲಿನ ಮಹಡಿ ನಮ್ಮ ಬಾಡಿಗೆಮನೆ. ಕೆಳಗೆ ಮಾಲೀಕರು ಮತ್ತು ಅವರ ತಾಯಿ. ಆಕೆಯನ್ನು ಎಲ್ಲರೂ ಉಮ್ಮ ಎನ್ನುತ್ತಿದ್ದೆವು. ಮೇಲೆ ನನ್ನ ಅಮ್ಮ. ಇಬ್ಬರ ಮಂಡಿಯೂ ಕೈಕೊಟ್ಟಿತ್ತು. ಅಮ್ಮ ಇಳಿಯುವಂತಿಲ್ಲ, ಉಮ್ಮ ಹತ್ತುವಂತಿಲ್ಲ. ನೀರುದೋಸೆ ಕೆಳಗೆ ಹೋಗುತ್ತಿತ್ತು, ಖರ್ಜೂರ ಮೇಲೆ ಬರುತ್ತಿತ್ತು, ಪೋಸ್ಟ್‌ಮ್ಯಾನ್ ಕೆಲಸ ನನ್ನದು. ಅಂಗಳದ ಬೇವಿನ ಮರವನ್ನು ಕಿಟಕಿಯಿಂದಲೇ ನೋಡಿ ನೋಡಿ ಸಾಕಾಗಿ ಅಮ್ಮ, ಇದು ಜೈಲು, ನನ್ನನ್ನು ಊರಿಗೆ ಕಳಿಸು ಎನ್ನತೊಡಗಿದ್ದಳು. ಊರಿನಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕಳಿಸಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಾನು ಒಳಗೊಳಗೇ ಬೇಯುತ್ತಿದ್ದೆ.

ಒಂದು ದಿನ ಮಾಲೀಕರು ಸಂಕೋಚಪಡುತ್ತಲೇ ಬಂದರು. ಉಮ್ಮನಿಗೆ ಚಳಿಗಾಲದ ಸಂಜೆ ತಾರಸಿಯಲ್ಲಿ ಕೂರುವ ಆಸೆಯಂತೆ, ಮನೆಗೇ ಲಿಫ್ಟ್ ಹಾಕಿಸುತ್ತಾರಂತೆ. ಎಂಜಿನಿಯರ್ ಅಳೆದು ನೋಡಿದರೆ ಅದು ಹಾದುಹೋಗಲು ಇರುವುದು ಒಂದೇ ಜಾಗ: ನಮ್ಮ ದೇವರ ಮೂಲೆ. ನಾನು ಬಾಡಿಗೆದಾರರ ವಿನಯವನ್ನೆಲ್ಲ ಗಂಟುಕಟ್ಟಿಟ್ಟು, ನನ್ನ ಹರಕು ಹಿಂದಿಯಲ್ಲಿ ಭಾಷಣ ಶುರುಮಾಡಿದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ವಿಷಯ ಏನೆಂದು ಕೇಳಿ ತಿಳಿದುಕೊಂಡಳು.

"ದೇವರಿಗೆ ಎಲ್ಲಿ ಕೂತರೂ ಆಗ್ತದೆ ಮಾರಾಯ್ತಿ, ಕಾಲುನೋವು ಇರುವುದು ನಮಗೆ," ಎಂದಳು. "ಆದ್ರೆ ಲಿಫ್ಟ್ ನಮ್ಮಲ್ಲಿಯೂ ನಿಲ್ಬೇಕು ಅಂತ ಹೇಳು."

ಮಾಲೀಕರು "ಖಲಾಸ್" ಎಂದರು. ಅಲ್ಲಿಗೆ ಮಾತು ಮುಗಿಯಿತು. ದೇವರುಗಳು ಪಡಸಾಲೆಯ ಕಪಾಟಿಗೆ ಹೋದರು, ಗೋಡೆ ಒಡೆದ ಧೂಳು ನಮ್ಮ ಸಾರಿಗೂ ಬಿತ್ತು.

ಲಿಫ್ಟ್ ಓಡತೊಡಗಿದ ದಿನ ಅಮ್ಮ ಅದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಒಳಹೊಕ್ಕಳು. ದೇವರಿದ್ದ ಜಾಗವಲ್ಲವೇ! ಕೆಳಗೆ ಅಂಗಳ ಬಿಸಿಲಿಗೆ ಕಾದಿತ್ತು. ಚಪ್ಪಲಿ ಹಿಡಿದು ನಾನು ಮೆಟ್ಟಿಲಿಳಿದು ಓಡಿದೆ. ಹೀಗೆ, ಲಿಫ್ಟ್ ಬಂದಮೇಲೆ ನನಗೆ ಮೆಟ್ಟಿಲು ಹೆಚ್ಚಾಯಿತು. ಇದನ್ನು ನೋಡಿದ ಉಮ್ಮ, ಯಾಕೆ ಎಂದು ಸನ್ನೆಯಲ್ಲೇ ಕೇಳಿದರು. ಮೊದಲು ಅಮ್ಮ ಅಲ್ಲೇ ಪ್ರಾರ್ಥನೆ ಮಾಡುತ್ತಿದ್ದಳು ಎಂದು ಹೇಗೋ ತಿಳಿಸಿದೆ.

ಮರುದಿನ ಸಂಜೆ ಕೆಳಗೆ ಲಿಫ್ಟಿನ ಮುಂದೆ ಉಮ್ಮನ ಕಪ್ಪು ಚಪ್ಪಲಿ ಇತ್ತು. ಮೇಲೆ ಬಂದು ನೋಡಿದರೆ ಬಖೂರಿನ ಘಮ. ಉಮ್ಮ ಬರಿಗಾಲಲ್ಲಿ ಅಮ್ಮನ ಪಕ್ಕ ಕೂತಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಮಾತು ಮುಗಿಯುತ್ತಿಲ್ಲ. ಆಮೇಲೆ ತಾರಸಿಗೂ ಜೊತೆಯಾಗಿಯೇ ಹೋಗತೊಡಗಿದರು. ಊರಿಗೆ ಕಳಿಸು ಎಂದು ಅಮ್ಮ ಮತ್ತೆ ಕೇಳಲಿಲ್ಲ.

ಈಗ ಇಬ್ಬರೂ ಇಲ್ಲ. ಮೊನ್ನೆ ಇದನ್ನೆಲ್ಲ ನೆನೆಯುತ್ತ ನಮ್ಮ ಮಹಡಿಯಲ್ಲಿ ಇಳಿದೆ. ಮನೆಬಾಗಿಲಲ್ಲಿ ಚಪ್ಪಲಿ ಬಿಡಲು ನೋಡಿದರೆ ಕಾಲಲ್ಲಿ ಚಪ್ಪಲಿಯೇ ಇಲ್ಲ. ಕೆಳಗೆ, ಲಿಫ್ಟಿನ ಬಾಗಿಲಲ್ಲೇ ಬಿಟ್ಟು ಹತ್ತಿದ್ದೆ.