ಬಿಲ್ವದ ಮರ ನೆಟ್ಟವರು

ಭಕ್ತರನ್ನು ಕಂಡರೆ ನನಗೆ ಭಯ; ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರಂತೂ ಓಡಿಹೋಗಬೇಕೆನಿಸುತ್ತದೆ. ಚೆನ್ನೈಗೆ ಬಂದು ಕೀಲ್ಪಾಕಿನಲ್ಲಿ ನೆಲೆ ನಿಂತ ನಮ್ಮ ಶೈವ ಕನ್ನಡಿಗರು ಮಕ್ಕಳಿಗೆ ಕನ್ನಡ ಕಲಿಸುವುದನ್ನು ಬಿಟ್ಟರು, ರೊಟ್ಟಿ ತಟ್ಟುವುದನ್ನು ಬಿಟ್ಟರು, ಶಿವನಿಗೆ ಪತ್ರೆ ಏರಿಸುವುದನ್ನು ಮಾತ್ರ ಬಿಡಲಿಲ್ಲ. ಬೆಳಗಾದರೆ ಬೀದಿ ಮೂಲೆಯ ಪುಟ್ಟ ಪಾರ್ಕಿನ ಬಿಲ್ವದ ಮರಕ್ಕೆ ಮುತ್ತಿಗೆ. ಶಿವನಿಗೆ ಒಂದು ದಳ ಸಾಕು; ಇವರಿಗೆ ಕೊಂಬೆಯೇ ಬೇಕು. ವಾರಕ್ಕಾಗುವಷ್ಟು ಕಿತ್ತು ಫ್ರಿಜ್ಜಿನಲ್ಲಿಡುತ್ತಾರೆ, ಕೊತ್ತಂಬರಿ ಸೊಪ್ಪಿನ ಪಕ್ಕ. ಬುಡಕ್ಕೆ ಒಂದು ಚೊಂಬು ನೀರು ಹಾಕಿದ ಪುಣ್ಯಾತ್ಮನನ್ನು ನಾನು ಕಂಡಿಲ್ಲ. ನಾನೂ ಹಾಕಿಲ್ಲ ಅನ್ನಿ.

ಈಚೆಗೆ ಮರ ಬೋಳಾಯಿತು. ಈ ಮಳೆಗಾಲದಲ್ಲಿ ಚಿಗುರದಿದ್ದರೆ ಕಡಿಸುವುದೇ ಸರಿ ಎಂದು ಪಾರ್ಕಿನ ಮೇಲ್ವಿಚಾರಕರು ಹೇಳಿಹೋದರು. ತಕ್ಷಣ ನಮ್ಮವರ ಸಭೆ. ಎಲೆ ಕೀಳುವುದನ್ನು ನಿಲ್ಲಿಸೋಣ ಎಂದು ಯಾರಾದರೂ ಅಂದಾರೇ? ಛೆ! ಮರದ ಕೆಳಗೆ ಪಾರ್ಕಿನ ಚರಿತ್ರೆ ಬರೆದ ಫಲಕ ನೆಟ್ಟರೆ ಕಡಿಯಲು ಹಿಂಜರಿಯುತ್ತಾರೆ ಎಂದು ತೀರ್ಮಾನವಾಯಿತು. ಆಗೊಮ್ಮೆ ಈಗೊಮ್ಮೆ ಪತ್ರಿಕೆಗೆ ಬರೆಯುವ ತಪ್ಪಿಗೆ ಆ ಕೆಲಸ ನನ್ನ ತಲೆಗೆ ಬಂತು.

ಬರೆಯಲು ಕೂತರೆ, ಮರ ನೆಟ್ಟವರು ಮನೆಗೊಬ್ಬರು! "ನಮ್ಮಪ್ಪಾರು ಹಚ್ಚಿದ್ದ್ರೀ ಅದು, ಧಾರವಾಡದಿಂದ ಸಸಿ ತಂದು" ಎಂದರು ಬ್ಯಾಂಕಿನಿಂದ ನಿವೃತ್ತರಾದ ಬಸಲಿಂಗಪ್ಪ. ರೈಲ್ವೆಯಲ್ಲಿದ್ದ ಶಿವಣ್ಣನವರ ಪ್ರಕಾರ, ಅದನ್ನು ತುಮಕೂರಿನಿಂದ ತಂದವರು ಅವರ ತಾತ. ನನಗೇನು ಹೊಟ್ಟೆಕಿಚ್ಚು ಇಲ್ಲವೇ? ನೆಟ್ಟವಳು ನಮ್ಮಮ್ಮ ಎಂದು ಬರೆದೇಬಿಟ್ಟೆ.

ಆದರೂ ಒಂದು ಮಾತು ಕೇಳೋಣವೆಂದು ಪಾರ್ಕು ಗುಡಿಸುವ ಸೆಲ್ವಿಯಮ್ಮನ ಬಳಿ ಹೋದೆ. ನಮ್ಮ ಸಹವಾಸದಲ್ಲೇ ಕನ್ನಡ ಕಲಿತ ಮುದುಕಿ. ಗೊಳ್ಳೆಂದು ನಕ್ಕಳು.

"ಎಲ್ಲಾರೂ ನೆಟ್ರಿ ಸಾರ್, ಒಂದೂ ಉಳೀಲಿಲ್ಲ. ನಾಲ್ಕು ಎಲೆ ಬಂದ್ರೆ ಸಾಕು, ಪೂಜೆಗೆ ಅಂತ ಕಿತ್ಬಿಟ್ರಿ. ಇದು ನಾನು ಬೆಳೆಸಿದ್ದು. ಸಣ್ಣ ಗಿಡ ಇದ್ದಾಗ, ಹತ್ರ ಹೋಗ್ಬೇಡಿ, ಪಾಂಬು ಇದೆ, ಹಾವು ಇದೆ ಅಂತ ಎಲ್ಲರಿಗೂ ಸುಳ್ಳು ಹೇಳ್ದೆ. ನಿಮ್ಮಮ್ಮ ಅಂತೂ ಆ ಕಡೆ ತಲೇನೇ ಹಾಕ್ಲಿಲ್ಲ! ಮರ ಆಳೆತ್ತರ ಆದ್ಮೇಲೆ ನಿಮ್ಮೋರಿಗೆ ಧೈರ್ಯ ಬಂತು."

ನಾಚಿಕೆಯಿಂದ ನೆಲ ನೋಡಿದೆ. ನಮ್ಮ ಭಕ್ತಿಗೆ ಸತ್ತ ಸಸಿಗಳೆಷ್ಟೋ. ಬದುಕಿದ್ದು ಇವಳ ಸುಳ್ಳಿಗೆ ಒಂದು. "ಫಲಕದಲ್ಲಿ ನಿನ್ನ ಹೆಸರು ಹಾಕಿಸ್ತೀನಮ್ಮ" ಎಂದೆ.

"ನನ್ನ ಹೆಸರು ನೋಡಿ ಯಾರು ಸಾರ್ ಭಯ ಪಡ್ತಾರೆ?" ಎಂದು ಪೊರಕೆ ಎತ್ತಿಕೊಂಡು ಹೋದಳು.

ಮಾತು ನಾಟಿತು. ಧಾರವಾಡದ ಅಪ್ಪ, ತುಮಕೂರಿನ ತಾತ, ನಮ್ಮಮ್ಮ, ಮೂವರನ್ನೂ ಹೊಡೆದುಹಾಕಿದೆ. ಫಲಕ ನಿಂತು ತಿಂಗಳಾಯಿತು. ಬಸಲಿಂಗಪ್ಪನವರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಮರ ಚಿಗುರಿದೆ. ಪಾರ್ಕಿನ ಅಸಲು ಚರಿತ್ರೆಯನ್ನು ದಪ್ಪಕ್ಷರದಲ್ಲಿ, ಓದಬೇಕಾದವರು ಓದಲೆಂದು ಕನ್ನಡದಲ್ಲೇ ಬರೆಸಿದ್ದೇನೆ: "ಎಚ್ಚರಿಕೆ! ಇಲ್ಲಿ ಹಾವಿದೆ."