ಇಲಿಯಕ್ಕ

ನಮ್ಮ ಪ್ರೆಸ್ಸಿನಲ್ಲಿ ಪುಟ ಕಟ್ಟುವ ಅಕ್ಕನಿಗೆ ಇಲಿಯಕ್ಕ ಎಂಬ ಹೆಸರು ಬಂದದ್ದೇ ಅವಳ ಮೌಸ್‌ಗಳಿಂದ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಸವರಿದ್ರೆ ಎತ್ತಲೋ ಓಡತ್ತೆ, ಮುಟ್ಟದಿದ್ರೂ ಕ್ಲಿಕ್ಕಾಗತ್ತೆ. ಇದೇನು ಯಂತ್ರಾನೋ, ಮುನಿಸ್ಕೊಂಡಿರೋ ಅಳಿಯಾನೋ?" ಎಂದು ಗೊಣಗುತ್ತಾ ಅದರ ಮೇಲೆ ರಟ್ಟು ಅಂಟಿಸಿಬಿಟ್ಟಿದ್ದಾಳೆ. ಅವಳ ಡ್ರಾಯರ್ ಎಳೆದರೆ ಬಾಲದ್ದು, ಬಾಲವಿಲ್ಲದ್ದು, ಬೆನ್ನ ಮೇಲೆ ಗುಂಡು ಹೊತ್ತದ್ದು, ಪೆನ್ನಿನಂಥದ್ದು, ಹೀಗೆ ಒಂದು ಸಂಸಾರವೇ ಇದೆ. ಪ್ರತಿಯೊಂದನ್ನೂ ವಾರವಿಡೀ ಬಳಸಿ, "ಕೈಗೆ ಒಗ್ಗಲಿಲ್ಲ ಕಣ್ರೀ" ಎಂದು ತೀರ್ಪು ಕೊಡುತ್ತಾಳೆ. ನಾವೆಲ್ಲ ನಗುತ್ತಿದ್ದೆವು. ಹೋದ ವರ್ಷ, ತಪ್ಪು ಕಂಡರೆ ಅವಳನ್ನು ಬಯ್ಯದೆ ಬಿಡದ ನಮ್ಮ ಕರಡು ತಿದ್ದುವ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು, ಬೆರಳುಗಳು ಪೆನ್ನು ಹಿಡಿಯದಂತಾದವು. ಇಲಿಯಕ್ಕ ಐದು ಭಾನುವಾರ ಅವರ ಮಂಚದ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತು, ತನ್ನಲ್ಲಿದ್ದ ಒಂದೊಂದು ಮೌಸನ್ನೇ ಅವರ ಕೈಕೆಳಗೆ ಇಟ್ಟು ನೋಡಿದಳು. ಯಾವುದೂ ಆಗದೆ, ಕೊನೆಗೆ ಕಿತ್ತಳೆ ಹಣ್ಣಿನಷ್ಟು ದೊಡ್ಡ ಗುಂಡಿರುವ ಒಂದನ್ನು ತರಿಸಿದಳು. ಮೇಷ್ಟ್ರು ಅಂಗೈಯಿಂದ ಗುಂಡನ್ನು ಉರುಳಿಸಿದರು. ಪರದೆಯ ಮೇಲೆ ಬಾಣ ಅಲುಗಿತು. ಅಕ್ಕ ಅಂದು ಕಟ್ಟಿ ತಂದಿದ್ದ ಪುಟದ ಮೇಲೆ ಅದು ತಡವರಿಸುತ್ತಾ ಸಾಗಿ, ಮೂರನೇ ಸಾಲಿನ ಒಂದು ತಪ್ಪು ಒತ್ತಕ್ಷರದ ಮೇಲೆ ನಿಂತುಬಿಟ್ಟಿತು. "ಬಯ್ರಿ ಮೇಷ್ಟ್ರೇ, ಕಣ್ಣಲ್ಲೇ ಬಯ್ರಿ!" ಎಂದು ಅವಳು ನಗುತ್ತಲೇ ಅತ್ತುಬಿಟ್ಟಳು.